ಫ್ಯಾಮಿಲಿ ರೂಮಿನ ಎರಡನೆಯ ಗ್ಲಾಸು

ಒಂದು ಪೌಂಡ್ ಬ್ರೆಡ್ಡನ್ನು ಒಬ್ಬರೇ ತಿಂದು ಮುಗಿಸುವುದು ಎಷ್ಟು ಕಷ್ಟ ಅನ್ನುವುದು ಸಂಸಾರವಂತರಿಗೆ ತಿಳಿಯುವುದಿಲ್ಲ. ಮೊದಲ ದಿನ ಚಹಾದಲ್ಲಿ ಅದ್ದಿಕೊಂಡು ತಿನ್ನಬಹುದು. ಎರಡನೆಯ ದಿನ ಹಂಚಿನ ಮೇಲೆ ಬಿಸಿ ಮಾಡಿಕೊಳ್ಳಬಹುದು. ಮೂರನೆಯ ದಿನ ಮೂಲೆಯಲ್ಲಿ ಹಸಿರು ಬೂಸ್ಟು ಕಾಣಿಸುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ, ಸವದತ್ತಿಯ ಬಾಡಿಗೆ ಖೋಲಿಯಲ್ಲಿ ನಾನು ಹೀಗೆ ಎಷ್ಟು ಬ್ರೆಡ್ಡು ಚೆಲ್ಲಿದ್ದೇನೋ ದೇವರೇ ಬಲ್ಲ. ಆಗ ನನಗೆ ಮೂವತ್ತಾರು. ಮದುವೆಯಾಗಿರಲಿಲ್ಲ. ಅಂಗನವಾಡಿಗಳ ಮೇಲ್ವಿಚಾರಕಿಯಾಗಿದ್ದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅಲ್ಲೇ ಇದೆ ಅನ್ನುತ್ತಾರೆ. ಅನ್ನಲಿ ಬಿಡಿ.

ಹಗಲು ಹೇಗೋ ಕಳೆಯುತ್ತಿತ್ತು. ಮಕ್ಕಳನ್ನು ತೂಗುವುದು, ರಜಿಸ್ಟರು ನೋಡುವುದು, ಉಪ್ಪಿಟ್ಟಿನ ರವೆಯಲ್ಲಿ ಹುಳ ಇದೆಯೇ ಎಂದು ಜರಡಿ ಹಿಡಿಸುವುದು, ನಾಲ್ಕು ಜನರನ್ನು ಬೈಯುವುದು. ಸಂಜೆ ನಾಲ್ಕಾದರೆ ಮಾತ್ರ ನನಗೆ ಒಂದು ಬಗೆಯ ಭಯ. ಎಲ್ಲರೂ ಮನೆಗೆ ಹೋಗುತ್ತಿದ್ದರು. ನಾನೂ ಖೋಲಿಗೆ ಹೋಗಿ ಕೀಲಿ ತೆಗೆಯುತ್ತಿದ್ದೆ. ಬೆಳಿಗ್ಗೆ ನಾನು ಬಿಟ್ಟುಹೋದ ಚಹಾದ ಕಪ್ಪು ಬಿಟ್ಟಲ್ಲೇ ಇರುತ್ತಿತ್ತು, ಅದನ್ನು ನೋಡಿದರೆ ಅಳು ಬರುತ್ತಿತ್ತು.

ಆ ಭಯಕ್ಕೇ ನನಗೆ ಬೇಕರಿ ಹುಡುಕುವ ಚಟ ಹತ್ತಿತು. ಕೆಲಸದ ಮೇಲೆ ಯಾವ ಊರಿಗೆ ಹೋದರೂ ಬಸ್ಸಿಳಿದು ಮೊದಲು ಮೂಗನ್ನು ಗಾಳಿಗೆ ಕೊಡುತ್ತಿದ್ದೆ. ಕಿತ್ತೂರಿನಲ್ಲಿ ಒಮ್ಮೆ ಮೂರು ದಿನದ ತರಬೇತಿಯಿತ್ತು. ಮಧ್ಯಾಹ್ನ ಬಿಡುವಾದಾಗ ಉಳಿದವರೆಲ್ಲ ಟೆಂಪೋ ಮಾಡಿಕೊಂಡು ದೇಗಾಂವದ ಗುಡಿಗೆ ಹೋದರು. ಹಲವರ ಗಂಡಂದಿರೂ ಬಂದಿದ್ದರು. ಜೋಡಿ ನಿಂತವರ ಫೋಟೋ ತೆಗೆಯುವ ಕೆಲಸ ನನ್ನ ಪಾಲಿಗೇ ಬರುತ್ತದೆ ಎಂದು ಗೊತ್ತಿತ್ತು, ಅದಕ್ಕೆ ತಲೆನೋವು ಎಂದು ಹೇಳಿ ಉಳಿದುಕೊಂಡೆ. ಆಮೇಲೆ ಒಬ್ಬಳೇ ನಡೆಯುತ್ತ ಹೋಗಿ, ಕೊಬ್ಬರಿ ತುಂಬಿದ ಬನ್ನು ಮಾಡುವ ಒಂದು ಸಣ್ಣ ಅಂಗಡಿ ಹಿಡಿದೆ. ಬಿಸಿ ಬನ್ನನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. ಕೈಯಲ್ಲಿ ಹಿಡಿದು ರಸ್ತೆಯಲ್ಲಿ ನಿಂತೆ. ಕೂತು ತಿನ್ನಲು ಜಾಗವಿರಲಿಲ್ಲ.

ಅದೇ ತೊಂದರೆ. ನಮ್ಮ ಕಡೆ ಬೇಕರಿಯೆಂದರೆ ಗಾಜಿನ ಬರಣಿ, ತಕ್ಕಡಿ, ಕಾಗದ, ಮುಗಿಯಿತು. ಕೂರಬೇಕೆಂದರೆ ಚಹಾದ ಹೊಟೇಲಿಗೆ ಹೋಗಬೇಕು. ಅಲ್ಲಿ ಕೂರುವವರೆಲ್ಲ ಗಂಡಸರು. ನಾನು ಒಳಗೆ ಕಾಲಿಟ್ಟರೆ ಸಾಕು, ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತಿದ್ದವರು ಸುರಿಯುವುದನ್ನು ಬಿಟ್ಟು ನೋಡುತ್ತಿದ್ದರು. ಎಷ್ಟೋ ಸಲ ಬಾಗಿಲಿನಿಂದಲೇ ಹಿಂದಿರುಗಿದ್ದೇನೆ, ಹಾಳಾಗಿ ಹೋಗಲಿ ಇವರ ಚಹಾ ಎಂದುಕೊಂಡು.

ಹೀಗಿರುವಾಗ ರಾಮದುರ್ಗದಲ್ಲಿ ಒಂದು ಹುದ್ದೆ ಖಾಲಿಯಾಗಿ, ವಾರಕ್ಕೊಂದು ದಿನ ಅಲ್ಲಿಯ ಕೆಲಸವನ್ನೂ ನನ್ನ ಕೊರಳಿಗೆ ಕಟ್ಟಿದರು. ಗುರುವಾರ ಬೆಳಿಗ್ಗೆ ಸುರೇಬಾನದ ಕಡೆಯ ಅಂಗನವಾಡಿಗಳನ್ನು ನೋಡುವುದು, ಮೂರೂವರೆಗೆ ರಾಮದುರ್ಗಕ್ಕೆ ಬರುವುದು, ಐದೂವರೆಯ ಬಸ್ಸಿಗೆ ಸವದತ್ತಿಗೆ ಮರಳುವುದು. ನಡುವೆ ಎರಡು ತಾಸು. ಮೊದಲ ಗುರುವಾರ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಿಂದ ಖಾರಿ ಬಿಸ್ಕೀಟಿನ ವಾಸನೆ ಬಂತು. ಹಿಟ್ಟು ಪದರ ಪದರವಾಗಿ ಉಬ್ಬುವಾಗಿನ ಬಿಸಿ ವಾಸನೆ. ಅದನ್ನೇ ಹಿಡಿದು ಹೋದರೆ ಕಟ್ಟಿಗೆಯ ಭಟ್ಟಿಯ ಒಂದು ಬೇಕರಿ. ಬಿಳಿ ಗಡ್ಡದ ಚಾಚಾ ತಕ್ಕಡಿ ಹಿಡಿದು ಕೂತಿದ್ದರು.

"ಪಾವ್ ಕಿಲೋ ಕಟ್ಟಲೇನ್ರಿ?"

"ಬ್ಯಾಡ್ರಿ. ನಾಕು ಕೊಡ್ರಿ."

"ನಾಕ? ಮನಿಮಂದಿಗೆ ಸಾಲತಾವೇನ್ರಿ?"

"ನಾಕು ಅಂದ್ನೆಲ್ರಿ!"

ಪಾಪ, ಚಾಚಾ ಬೆಚ್ಚಿ ನಾಲ್ಕು ಎಣಿಸಿ ಕೊಟ್ಟರು. ಬೈದದ್ದಕ್ಕೆ ನನಗೇ ಕೆಡುಕೆನಿಸಿತು. ಖಾರಿಯ ಪೊಟ್ಟಣ ಹಿಡಿದು ಹೊರಬಂದರೆ ಎದುರಿಗೇ ಒಂದು ಹೊಟೇಲು. ಹೊರಗಿನ ಬೆಂಚುಗಳ ತುಂಬ ಗಂಡಸರು. ಹಿಂದಿರುಗಬೇಕು ಎನ್ನುವಷ್ಟರಲ್ಲಿ ಗಲ್ಲೆಯ ಮೇಲಿದ್ದ ಮಾಲಕರು ಕೂಗಿದರು. ಬಿಳಿ ಟೋಪಿಯ, ಅರವತ್ತು ದಾಟಿದ ಮನುಷ್ಯ.

"ಬಾಯಾರ, ಹೊರಗ ಯಾಕ ನಿಂತ್ರಿ? ಒಳಗ ಫ್ಯಾಮಿಲಿ ರೂಮ್ ಐತಿ, ಬರ್ರಿ, ಕುಂದರ್ರಿ."

ಫ್ಯಾಮಿಲಿ ರೂಮ್ ಎಂದರೆ ಪ್ಲೈವುಡ್ಡಿನ ಗೋಡೆ ಹಾಕಿ ಬೇರೆ ಮಾಡಿದ ಮೂಲೆ. ಎರಡು ಮೇಜು, ಹೂವಿನ ಚಿತ್ರದ ಪರದೆ, ಒಂದು ಕಿಟಕಿ. ಕಿಟಕಿಯಿಂದ ಬೇಕರಿಯ ಚಿಮಣಿ ಕಾಣುತ್ತಿತ್ತು. ನಾನು ಕೂತೆ. ಯಾರೂ ನೋಡುತ್ತಿರಲಿಲ್ಲ. ಅಬ್ಬಾ, ಎಷ್ಟು ವರ್ಷಗಳ ಮೇಲೆ ಹೊರಗೆ ಎಲ್ಲಾದರೂ ಬೆನ್ನು ಒರಗಿಸಿ ಕೂತಿದ್ದೆನೋ!

ಮಾಲಕರೇ ನೀರು ತಂದು ಕೇಳಿದರು: "ಸಾಹೇಬ್ರು ಬರಾವ್ರ ಅದಾರೇನ್ರಿ?"

"ಹೂಂನ್ರಿ, ಜೀಪ್ ತಗೊಂಡ ಬರ್ತಾರು. ಸ್ವಲ್ಪ ತಡಾ ಆದೀತು."

ಅದು ಸುಳ್ಳಲ್ಲ. ಆ ದಿನ ನಮ್ಮ ಆಫೀಸಿನ ಸಾಹೇಬರು ಜೀಪಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಬಂದು ನನ್ನ ರಜಿಸ್ಟರಿಗೆ ಸಹಿ ಹಾಕುವುದಿತ್ತು. ಮಾಲಕರು ಇನ್ನೊಂದು ಗ್ಲಾಸು ನೀರು ತಂದು ನನ್ನೆದುರಿನ ಖಾಲಿ ಕುರ್ಚಿಯ ಮುಂದೆ ಇಟ್ಟರು. ಸಾಹೇಬರು ಬರಲಿಲ್ಲ, ಎಲ್ಲೋ ಮೀಟಿಂಗಿನಲ್ಲಿ ಸಿಕ್ಕಿಬಿದ್ದಿದ್ದರು. ನಾನು ಖಾರಿಯನ್ನು ಚಹಾದಲ್ಲಿ ಅದ್ದಿ ತಿಂದು ಬಸ್ಸು ಹಿಡಿದೆ.

ಮುಂದಿನ ಗುರುವಾರ ಹೋದಾಗ ಮತ್ತೆ ಎರಡು ಗ್ಲಾಸು ಬಂದವು. ಇಡುತ್ತ ಮಾಲಕರು ಮೆಲ್ಲಗೆ ಕೇಳಿದರು: "ಹ್ವಾದ ವಾರ ಸಾಹೇಬ್ರು ಬರಲೇ ಇಲ್ಲಲ್ರಿ ಬಾಯಾರ. ಮನ್ಯಾಗ ಏನರ ತಕರಾರ?"

ಮನೆಯಲ್ಲಿ? ನನಗೆ ಅರೆಗಳಿಗೆ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಆಫೀಸಿನಲ್ಲಿ ಸಾಹೇಬರೆಂದರೆ ಜೀಪಿನಲ್ಲಿ ಬರುವವರು. ಪರದೆಯ ಹಿಂದೆ ಕೂತ ಹೆಂಗಸಿಗೆ ಸಾಹೇಬರೆಂದರೆ ಗಂಡ. ಆಗಲೇ ಬಿಡಿಸಿ ಹೇಳಿದ್ದರೆ ಆಗುತ್ತಿತ್ತು. ಆದರೆ ಹೇಳಿದರೆ ಇದು ಫ್ಯಾಮಿಲಿ ರೂಮ್, ಒಬ್ಬಾಕೆಗೆ ಅಲ್ಲ ಎಂದುಬಿಟ್ಟರೆ? ಮತ್ತೆ ಆ ಬೆಂಚು, ಆ ಕಣ್ಣುಗಳು.

"ತಕರಾರ ಏನಿಲ್ರಿ. ಕಾಲುವಿ ಕೆಲಸದ ಮ್ಯಾಲೆ ಅದಾರು. ಪುರುಸೊತ್ತ ಸಿಗಂಗಿಲ್ಲ," ಎಂದೆ.

ಹೀಗೆ ನನಗೊಬ್ಬ ಗಂಡ ಬಂದ. ಒಂದು ಗುರುವಾರ ಅವನಿಗೆ ಜ್ವರ, ಒಂದು ಗುರುವಾರ ಬೆಳಗಾವಿಯಲ್ಲಿ ಕೆಲಸ. ಅವನು ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿಸಿಕೊಳ್ಳುವವನು ಎಂದೂ ಹೇಳಿಬಿಟ್ಟೆ, ಯಾಕೆ ಹೇಳಿದೆನೋ. ಮಾಲಕರನ್ನು ಆ ಹೊತ್ತಿಗೆ ಕಾಕಾ ಎಂದು ಕರೆಯತೊಡಗಿದ್ದೆ. ಕಾಕಾ ಎಲ್ಲದಕ್ಕೂ "ಹೌದೇನ್ರಿ" ಎಂದು ತಲೆಯಾಡಿಸಿ ಎರಡನೆಯ ಗ್ಲಾಸು ಇಟ್ಟು ಹೋಗುತ್ತಿದ್ದರು. ನಾಚಿಕೆಯಾಗುತ್ತಿತ್ತು. ಸವದತ್ತಿಯ ಬಸ್ಸಿನಲ್ಲಿ ಕೂತು, ನಿನ್ನ ಸಲುವಾಗಿ ಎಷ್ಟು ಸುಳ್ಳು ಹೇಳಲಿ ಮಾರಾಯ ಎಂದು ಆ ಇಲ್ಲದ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡದ್ದೂ ಉಂಟು. ಆದರೂ ಗುರುವಾರ ಬಂತೆಂದರೆ ಬೆಳಿಗ್ಗೆ ಎದ್ದಾಗಲೇ ಮನಸ್ಸು ಹಗುರಾಗಿರುತ್ತಿತ್ತು. ಚಾಚಾ ನಾಲ್ಕು ಖಾರಿ ಮೊದಲೇ ತೆಗೆದಿಟ್ಟಿರುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ಆ ಎರಡು ತಾಸು ಆ ಕುರ್ಚಿ ನನ್ನದಾಗಿತ್ತು. ಅಷ್ಟು ಬಿಟ್ಟರೆ ಜಗತ್ತಿನಲ್ಲಿ ನನ್ನದು ಎನ್ನುವ ಜಾಗ ಬೇರೆ ಇರಲಿಲ್ಲ. ಉತ್ಪ್ರೇಕ್ಷೆಯಲ್ಲ, ಇದ್ದದ್ದನ್ನೇ ಹೇಳುತ್ತಿದ್ದೇನೆ.

ಎರಡು ವರ್ಷ ಹೀಗೇ ನಡೆಯಿತು. ಒಂದು ಗುರುವಾರ ನಾನು ಕೂತಿದ್ದಾಗ ಪರದೆ ಸರಿಯಿತು. ಸುರೇಬಾನದ ಕಡೆಯ ಒಬ್ಬ ಅಂಗನವಾಡಿ ಕಾರ್ಯಕರ್ತೆ, ಅವಳ ಗಂಡ, ಕಂಕುಳಲ್ಲಿ ಕೂಸು. ನಾನು ಮದುವೆಯಾಗದವಳು ಎಂದು ಅವಳಿಗೆ ಗೊತ್ತು. ಊರ ಹೆಂಗಸರಿಗೆಲ್ಲ ಅವಳೇ ಹೇಳಿದ್ದಳು, ಅಯ್ಯ ಪಾಪ ಎಂದು ಸೇರಿಸಿ. ಅವಳ ಕಣ್ಣು ನೆಟ್ಟಗೆ ಎರಡನೆಯ ಗ್ಲಾಸಿನ ಮೇಲೆ ಹೋಯಿತು.

"ಅಯ್ಯ ಅಕ್ಕಾರ, ನೀವಿಲ್ಲಿ? ಯಾರ ಬರಾವ್ರ ಅದಾರ್ರಿ?"

ಕಾಕಾ ಅವಳ ಹಿಂದೆಯೇ ನೀರಿನ ಜಗ್ಗು ಹಿಡಿದು ನಿಂತಿದ್ದರು. ಈಗ ಕಾಕಾ ಬಾಯಿ ಬಿಟ್ಟು "ಸಾಹೇಬ್ರು" ಎಂದರೆ ಮುಗಿಯಿತು. ನಾಳೆ ಸುರೇಬಾನದಿಂದ ತೊರಗಲ್ಲಿನವರೆಗೆ ಎಲ್ಲ ಅಂಗನವಾಡಿಗಳಲ್ಲಿ ನನ್ನ ಗಂಡನದೇ ಮಾತು, ಎಲ್ಲರ ಬಾಯಲ್ಲೂ ನಗೆ.

"ಯಾರೂ ಬರಾವ್ರಿಲ್ರಿ," ಎಂದರು ಕಾಕಾ. "ಆ ಗ್ಲಾಸೂ ಈ ಬಾಯಾರದ್ದ. ಅವರಿಗೆ ನೀರಡಿಕಿ ಭಾಳ. ಅದಕ್ಕ ನಾನ ಎರಡ ಇಡತೇನಿ. ನೀವ್ ಕುಂದರ್ರಿ ತಂಗಿ, ಕೂಸಿಗೆ ಹಾಲ ತರಲೇನು?"

ಅವಳು ಅದನ್ನು ಅಲ್ಲಿಗೇ ಮರೆತು ಕೂಸಿನ ಹಾಲಿಗೆ ಸಕ್ಕರೆ ಬೇಡವೆಂದು ಹೇಳತೊಡಗಿದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಅದ್ದಿದ ಖಾರಿ ಚಹಾದಲ್ಲೇ ಕರಗಿಹೋಯಿತು.

ಅವರು ಹೋದ ಮೇಲೆ ಕಾಕಾ ಮೇಜು ಒರೆಸಲು ಬಂದರು.

"ಕಾಕಾರ, ಯಾರೂ ಇಲ್ರಿ. ಸಾಹೇಬ್ರು ಗೀಹೇಬ್ರು ಯಾರೂ ಇಲ್ಲ."

"ಗೊತ್ತೈತ್ರಿ."

"ಯಾವಾಗಿಂದ?"

"ಮೂರ್ನೇ ವಾರಕ್ಕ ಗೊತ್ತಾತ್ರಿ," ಎಂದರು, ಒರೆಸುವುದನ್ನು ನಿಲ್ಲಿಸದೆ. "ಬರಾವ್ರ ಇದ್ರ ಹೆಣ್ಮಕ್ಕಳು ಪರದೆ ಕಡೆ ನೋಡತಾರ್ರಿ. ನೀವು ಒಂದ ಸಲಾನೂ ನೋಡಲಿಲ್ಲ. ಕಿಡಕಿ ಕಡೇನ ನೋಡಕೋತ ಕುಂದರ್ತಿದ್ರಿ."

ನನಗೆ ಮೊದಲು ಬಂದದ್ದು ಸಿಟ್ಟು. ಎರಡು ವರ್ಷ ನಾನು ಹೇಳಿದ ಜ್ವರ, ಬೆಳಗಾವಿ, ಸಕ್ಕರೆ ಎಲ್ಲ ಕೇಳಿಕೊಂಡು ತಲೆಯಾಡಿಸಿದರಲ್ಲ ಈ ಮನುಷ್ಯ! "ಮತ್ತ ಆ ಗ್ಲಾಸ್ ಯಾಕ ಇಡತಿದ್ರಿ?" ಎಂದು ಜಗಳಕ್ಕೇ ಹೋದೆ.

"ಒಂದ ಗ್ಲಾಸ್ ಇದ್ರ ಕಂಡಾವ್ರೆಲ್ಲ ಒಬ್ಬರ ಯಾಕ ಅಂತ ನಿಮ್ಮನ್ನ ಕೇಳ್ತಾರ್ರಿ ಬಾಯಾರ. ಎರಡ ಇದ್ರ ಯಾರೂ ಕೇಳಂಗಿಲ್ಲ. ಇವತ್ತೊಂದ ದಿನ ಲೆಕ್ಕ ತಪ್ಪಿತು ನೋಡ್ರಿ."

ನಾನು ಅತ್ತೆ. ಗಂಡಸರಿಗೆ ಕೇಳಿಸಬಾರದೆಂದು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಕಾಕಾ ಪರದೆ ಎಳೆದು, ಹೊರಗೆ ಹೋಗಿ, ಯಾರಿಗೋ ಚಹಾದ ಬಗ್ಗೆ ಜೋರಾಗಿ ಹೇಳತೊಡಗಿದರು. ಆ ದಿನ ಐದೂವರೆಯ ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಹೋದೆ.

ಅದಾಗಿ ಕೆಲವು ತಿಂಗಳಿಗೆ, ಎರಡು ಸಾವಿರದ ಇಸವಿ ದಾಟಿದ ಮೇಲೆ, ಬೈಲಹೊಂಗಲಕ್ಕೆ ವರ್ಗವಾಯಿತು. ಕೊನೆಯ ಗುರುವಾರ ಕಾಕಾ ಎಂದಿನಂತೆ ಎರಡು ಗ್ಲಾಸು ಇಟ್ಟರು. ನಾನು ಎಂದಿನಂತೆ ಒಂದನ್ನು ಕುಡಿದು ಒಂದನ್ನು ಬಿಟ್ಟು ಬಂದೆ. ಬರುತ್ತೇನೆ ಎಂದು ಹೇಳಿದ್ದೆ, ಮತ್ತೆ ಹೋಗಲಾಗಲಿಲ್ಲ.

ಬೈಲಹೊಂಗಲದಲ್ಲಿ ಒಂದು ವಾರ ಖೋಲಿಯಲ್ಲೇ ಸಂಜೆ ಕಳೆದೆ. ಎಂಟನೆಯ ದಿನ ತಡೆಯದೆ ಪೇಟೆಗೆ ಹೊರಟೆ. ಅಲ್ಲೊಂದು ಬೇಕರಿಯಲ್ಲಿ ಬಟರ್ ಚೆನ್ನಾಗಿತ್ತು. ಬಟರ್ ಎಂದರೆ ನಮ್ಮ ಕಡೆ ಬೆಣ್ಣೆಯಲ್ಲ, ಚಹಾದಲ್ಲಿ ಅದ್ದದೆ ಹಲ್ಲಿಗೆ ಬಗ್ಗದ ದುಂಡನೆಯ ಗಟ್ಟಿ ಬಿಸ್ಕೀಟು. ಎರಡು ಕಟ್ಟಿಸಿಕೊಂಡು ಹತ್ತಿರದ ಹೊಟೇಲಿಗೆ ನಡೆದೆ. ಬೆಂಚಿನವರು ನೋಡಿದರು. ನೋಡಲಿ ಎಂದು ಒಳಗೆ ಹೋದೆ. ಗಲ್ಲೆಯ ಮೇಲೆ ನನ್ನದೇ ವಯಸ್ಸಿನ ಮನುಷ್ಯ.

"ಎಷ್ಟ ಮಂದಿ ಅದೀರಿ?"

"ಒಬ್ಬಾಕಿ."

"ಅದು ಫ್ಯಾಮಿಲಿ ರೂಮ್ ಐತ್ರಿ..."

"ಗೊತ್ತೈತ್ರಿ. ಒಬ್ಬಾಕೀನ ಫ್ಯಾಮಿಲಿ," ಎಂದು ಪರದೆ ಸರಿಸಿ ಕೂತೆ.

ಆತ ಗೊಣಗುತ್ತ ಬಂದು ಒಂದು ಗ್ಲಾಸು ನೀರು ಇಟ್ಟ.

"ಇನ್ನೊಂದ ಇಡ್ರಿ."

"ಯಾರರ ಬರಾವ್ರ ಅದಾರೇನ್ರಿ?"

"ಇಲ್ಲ. ಯಾರೂ ಬರಾವ್ರಿಲ್ಲ. ಇಡ್ರಿ."

ಆತ ನನ್ನ ಮುಖ ನೋಡಿದ, ಇನ್ನೊಂದು ತಂದಿಟ್ಟ. ನಾನು ಒಂದನ್ನು ಕುಡಿದೆ. ಆಮೇಲೆ ಕೈ ಚಾಚಿ ಎದುರಿನ ಗ್ಲಾಸನ್ನೂ ಎತ್ತಿಕೊಂಡು ಕುಡಿದೆ. ನೀರಡಿಕೆ ಬಹಳ ಇತ್ತು.