ಹಳೇ ವಾರ್ಡಿನಲ್ಲಿ ಉಳಿದ ಪುಟ್ಟಿ

ಲಾಂಡ್ರಿಯಲ್ಲಿ ಆಕೆಯನ್ನು ಎಲ್ಲರೂ ಇಸ್ತ್ರಿ ಅಕ್ಕ ಅಂತಲೇ ಕರೆಯುತ್ತಿದ್ದರು. ಇಸ್ತ್ರಿ ಅಕ್ಕ ಅಂದರೆ ಒಬ್ಬಳೇ ಅಂದುಕೊಳ್ಳಬೇಡಿ. ಆ ಒಂದು ಮೈಯೊಳಗೆ ಮೂವರ ಸಂಸಾರ. ಅಕ್ಕ ಒಬ್ಬಳು, ಎಲ್ಲರನ್ನೂ ಗದರಿಸಿ ಹದ್ದುಬಸ್ತಿನಲ್ಲಿಡುವ ದೊಡ್ಡಮ್ಮ ಒಬ್ಬಳು, ಮೂರನೆಯವಳು ಪುಟ್ಟಿ, ಆರು ವರ್ಷದವಳು, ಎಷ್ಟು ಕಾಲ ಕಳೆದರೂ ಆರೇ. ಚಿಕ್ಕಂದಿನಲ್ಲಿ ಒಬ್ಬಳೇ ಹೊರಲಾಗದಂಥದ್ದೇನೋ ಮೈಮೇಲೆ ಬಿದ್ದಾಗ ಮನಸ್ಸು ಅದನ್ನು ಹೀಗೆ ಪಾಲು ಮಾಡಿಕೊಂಡಿತು ಅಂತ ವೈದ್ಯರು ಹೇಳಿದ್ದರು. ಲಾಂಡ್ರಿಯವರಿಗೆ ಅಷ್ಟೆಲ್ಲ ಬೇಕಿರಲಿಲ್ಲ. ಪ್ಯಾಂಟಿನ ಮಡಿಕೆ ಕತ್ತಿಯ ಹಾಗೆ ನಿಂತಿದ್ದರೆ ಇವತ್ತು ದೊಡ್ಡಮ್ಮ ಬಂದಿದ್ದಾಳೆ ಅಂತ ತಿಳಿದು ತೆಪ್ಪಗಿರುತ್ತಿದ್ದರು. ಪುಟ್ಟಿ ಬಂದಳೋ, ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡು ಕಾಲುಚೀಲ ಜೋಡಿಸೋಕೆ ಕೂರಿಸುತ್ತಿದ್ದರು. ಅವಳು ಕೆಂಪಿಗೆ ನೀಲಿ ಸೇರಿಸಿ, ಒಂದೇ ಥರದವು ಜೊತೆಗಿದ್ದರೆ ಅವಕ್ಕೆ ಬೇಜಾರಾಗುತ್ತೆ ಅನ್ನುತ್ತಿದ್ದಳು.

ಆಗಾಗ ಒಳಗಿನವರಿಗೆ ಹೊಂದಿಕೆಯಾಗದೆ ಅಕ್ಕ ಮನೋರೋಗದ ವಾರ್ಡ್ ಸೇರಬೇಕಾಗುತ್ತಿತ್ತು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇನ್ನೊಂದು ಕಡೆಗೆ. ಒಂದು ಸಲ ಅವಳಿದ್ದ ವಾರ್ಡಿಗೆ ಬಣ್ಣ ಬಳಿಯಬೇಕೆಂದು ರೋಗಿಗಳನ್ನು ಊರಾಚೆಯ ಆಸ್ಪತ್ರೆಗೆ ಕಳಿಸಿದರು. ಹೊರಡುವ ಗಡಿಬಿಡಿ. ದೊಡ್ಡಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ಬಟ್ಟೆ, ಮಾತ್ರೆ, ಚಪ್ಪಲಿ, ಬಕೆಟ್ಟು ಎಲ್ಲ ಕಟ್ಟಿಸಿದಳು. ಒಳಗೆ ಮಲಗಿದ್ದ ಪುಟ್ಟಿಗೆ ಹೊರಟಿದ್ದೇವೆ ಅಂತ ಹೇಳುವುದನ್ನೇ ಮರೆತಳು.

ಹೊಸ ವಾರ್ಡಿಗೆ ಬಂದ ಮೇಲೆ ಪುಟ್ಟಿಯ ಸುಳಿವೇ ಇಲ್ಲ. ಅಕ್ಕನಿಗೆ ಊಟ ಸೇರದು, ನಿದ್ದೆ ಹತ್ತದು. ದೊಡ್ಡಮ್ಮ ತಗ್ಗಿಸಿದ ತಲೆ ಎತ್ತಳು. ಅಲ್ಲಿಯ ಡಾಕ್ಟರ್ ವಯಸ್ಸಾದ ಹೆಂಗಸು, ತಾಳ್ಮೆಯವರು. ಪುಟ್ಟಿ ಹಳೇ ವಾರ್ಡಿನಲ್ಲೇ ಉಳಿದುಬಿಟ್ಟಳು ಅಂತ ಅಕ್ಕ ಹೇಳಿದ್ದಕ್ಕೆ, ನಿಮ್ಮೊಳಗೇ ಇರುವವಳು ಅಲ್ಲಿ ಹೇಗೆ ಉಳಿದಾಳು ಅಂತ ಕೇಳಿದರು.

“ಒಳಗಿದ್ದಾಳೆ ಅಂತ ನಂಗೂ ಗೊತ್ತು ಡಾಕ್ಟ್ರೇ,” ಅಂದಳು ಅಕ್ಕ. “ಆದ್ರೆ ಅವಳಿಗೆ ಗೊತ್ತಿಲ್ವಲ್ಲ. ಅಲ್ಲೇ ಕಾಯ್ತಾ ಕೂತಿದ್ದಾಳೆ.”

ಡಾಕ್ಟರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಹಾಗಾದರೆ ಹೋಗಿ ಕರೆದುಕೊಂಡು ಬನ್ನಿ ಅಂದರು.

ಅಕ್ಕನ ತಮ್ಮ ಲಾಂಡ್ರಿಯ ವ್ಯಾನು ತಂದ. ಅವನದೊಂದು ಪೇಚಾಟ. ಅಕ್ಕನಿಗೆ ಅವನು ತಮ್ಮ. ಪುಟ್ಟಿಗೆ ಅಣ್ಣ, ಅವಳ ವಯಸ್ಸು ಆರಲ್ಲವೇ. ಮನೆಯೊಳಗಾದರೆ ಹೇಗೋ ಸರಿ. ನಾಲ್ಕು ಜನರ ಮುಂದೆ, ನೆರೆಗೂದಲಿನ ಅಕ್ಕನನ್ನು ಪುಟ್ಟಿ ಅನ್ನಲು ಅವನ ನಾಲಿಗೆ ಏಳುತ್ತಿರಲಿಲ್ಲ.

ಹಳೇ ವಾರ್ಡಿನಲ್ಲಿ ಮಂಚಗಳಿಲ್ಲ, ಪರದೆಗಳಿಲ್ಲ. ಏಣಿಯ ಮೇಲೊಬ್ಬ ಪೇಂಟರ್ ಅಷ್ಟೆ. ಅಕ್ಕ ತನ್ನ ಮಂಚವಿದ್ದ ಜಾಗದಲ್ಲಿ ನೆಲದ ಮೇಲೆ ಕೂತು, ಕಣ್ಣು ಮುಚ್ಚಿ ಕರೆದಳು. ಉತ್ತರವಿಲ್ಲ. ದೊಡ್ಡಮ್ಮನೂ ತನ್ನದೇ ತಪ್ಪು, ಬಾ ಮಗಳೇ ಅಂತ ಒಳಗಿನಿಂದ ಬೇಡಿಕೊಂಡಳಂತೆ. ಉಹೂಂ. ಅಕ್ಕನ ಕಣ್ಣು ತುಂಬಿಬಂತು. ಏನಾದರೂ ಕಳೆದುಹೋಗಿದೆಯೇ, ಇಳಿದು ಬಂದು ಹುಡುಕಲೇ ಅಂತ ಪೇಂಟರ್ ಮೇಲಿಂದ ಕೇಳಿದ. ತಮ್ಮ ಒಂದು ಸಲ ಅವನನ್ನು ನೋಡಿದ, ಒಂದು ಸಲ ಅಕ್ಕನನ್ನು ನೋಡಿದ. ಮೀಸೆ ಒರೆಸಿಕೊಂಡು ಅವಳೆದುರು ಕುಕ್ಕರುಗಾಲಲ್ಲಿ ಕೂತ.

“ಪುಟ್ಟೀ, ಅಣ್ಣ ಬಂದಿದ್ದೀನಿ ಕಣೇ. ಏಳು, ಹೋಗೋಣ.”

ಪೇಂಟರನ ಬ್ರಷ್ಷು ಗಾಳಿಯಲ್ಲೇ ನಿಂತಿತು. ಅಕ್ಕನ ಭುಜ ಸಣ್ಣಗಾಯಿತು, ಕಾಲು ಮಡಚಿಕೊಂಡವು, ಕೆಳತುಟಿ ಮುಂದೆ ಬಂತು.

“ಇಷ್ಟೊತ್ತು ಎಲ್ಲಿಗೆ ಹೋಗಿದ್ದೆ ನೀನು?” ಅಂದಳು ಪುಟ್ಟಿ. “ಎಲ್ರೂ ನನ್ನ ಬಿಟ್ಟೋದ್ರು. ಮಂಚಾನೂ ಹೋಯ್ತು.”

“ತಪ್ಪಾಯ್ತು ಕಣೇ.”

“ದೊಡ್ಡಮ್ಮಂದೇ ತಪ್ಪು.”

“ಹ್ಞೂಂ, ಅವಳದೇ. ಮೆತ್ತಗೆ ಹೇಳು, ಕೇಳಿಸ್ಕೋತಾಳೆ.”

ಪುಟ್ಟಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಖಾಲಿ ಕೋಣೆ ಆ ನಗೆಯನ್ನು ಇಮ್ಮಡಿ ಮಾಡಿ ಕೊಟ್ಟಿತು. ಪೇಂಟರನಿಗೆ ಎಷ್ಟು ಅರ್ಥವಾಯಿತೋ ಬಿಟ್ಟಿತೋ, ಸಿಕ್ಕಿತಲ್ಲ ಬಿಡಿ ಅಂತ ಅವನೂ ನಕ್ಕು ಗೋಡೆಗೆ ತಿರುಗಿದ.

ದಾರಿಯಲ್ಲಿ ಪುಟ್ಟಿಗೆ ಜೋಂಪು ಹತ್ತಿತು. ಹೊಸ ಆಸ್ಪತ್ರೆಯ ಗೇಟಿನಲ್ಲೇ ತಮ್ಮ ವ್ಯಾನು ನಿಲ್ಲಿಸಿ ಅವಳನ್ನು ಎಬ್ಬಿಸಿದ. ಇದು ಬಾಗಿಲು, ಅದು ನಿನ್ನ ಕಿಟಕಿ, ಇಲ್ಲಿಯ ಡಾಕ್ಟರಮ್ಮ ಗದರೋದಿಲ್ಲ ಅಂತ ಒಂದೊಂದನ್ನೂ ಬೆರಳು ಮಾಡಿ ತೋರಿಸತೊಡಗಿದ. ಹಿಂದೆ ಬಂದ ಗಾಡಿಯವನು ಹಾರ್ನ್ ಹೊಡೆದೇ ಹೊಡೆದ. ತಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಸ್ವಲ್ಪ ತಾಳಿ ಸ್ವಾಮಿ. ನನ್ನ ತಂಗಿಗೆ ಜಾಗ ತೋರಿಸ್ತಿದ್ದೀನಿ.”