ತಾರಸಿಯ ಮೇಲಿನ ಹರ್ಡಲ್ಸ್

ಸೂರತ್ತಿನ ಉಧ್ನಾದಲ್ಲಿ ನಾವಿದ್ದ ಬಾಡಿಗೆ ಮನೆಗೆ ಕೇಬಲ್ ಟೀವಿ ಬಂದ ಹೊಸತು. ಒಂದು ಮಧ್ಯಾಹ್ನ ಮಾವನವರು ಪಡಸಾಲೆಯಿಂದ ನನ್ನನ್ನು ಕೂಗಿ ಕರೆದರು. ಹಾಗೆ ಕರೆಯುವುದು ಅಪರೂಪ. ಅವರು ನಮ್ಮ ಜೊತೆ ಇರಲು ಬಂದು ವರ್ಷವಾಗುತ್ತ ಬಂದಿದ್ದರೂ ನಮ್ಮಿಬ್ಬರ ಮಾತು ಚಹಾ, ಊಟ, ಸ್ನಾನದ ನೀರು ಇಷ್ಟರಲ್ಲೇ ಮುಗಿದುಹೋಗುತ್ತಿತ್ತು.

"ಏನವಾ, ಲಗೂ ಬಾ ಇಲ್ಲೆ! ಮೊಲಾ ಹರ್ಡಲ್ಸ್ ಓಡಾಕತ್ತಾವ!"

ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ಯಾವುದೋ ಚಳಿಯ ದೇಶದ ಸುದ್ದಿ. ದೊಡ್ಡದೊಂದು ಹಾಲ್‌ನಲ್ಲಿ ಸಾಲಾಗಿ ಪುಟ್ಟ ಪುಟ್ಟ ಬೇಲಿಗಳನ್ನು ನಿಲ್ಲಿಸಿದ್ದರು. ಉದ್ದನೆಯ ಪಟ್ಟಿ ಹಿಡಿದು ಒಬ್ಬ ಹುಡುಗಿ ನಡೆಯುತ್ತಿದ್ದಳು. ಆ ಪಟ್ಟಿಗೆ ಕಟ್ಟಿದ ಒಂದು ಮೊಲ ಅವಳ ಮುಂದೆ ಬೇಲಿಯ ಮೇಲೆ ಬೇಲಿ ಹಾರುತ್ತ ಹೋಗುತ್ತಿತ್ತು. ಸುತ್ತ ಜನ ಕುರ್ಚಿ ಹಾಕಿಕೊಂಡು ಕುಳಿತು ಚಪ್ಪಾಳೆ ತಟ್ಟುತ್ತಿದ್ದರು. ಇನ್ನೂ ಏನಾದರೂ ತೋರಿಸುತ್ತಾರೆಂದು ಕಾದೆವು. ಸೋಪಿನ ಜಾಹೀರಾತು ಬಂತು.

"ಹೆಂಗ ಕಲಿಸಿರಬೇಕಂತಿ?" ಎಂದರು ಮಾವ. ಆ ಪ್ರಶ್ನೆಯನ್ನು ಟೀವಿಗೆ ಕೇಳಿದರೋ ನನಗೋ ಗೊತ್ತಾಗಲಿಲ್ಲ.

ಅವರು ಧಾರವಾಡದ ಕಡೆಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ಹರ್ಡಲ್ಸ್ ಎಂದರೆ ಪ್ರಾಣ. ಅವರ ಶಾಲೆಯ ಮಕ್ಕಳು ಜಿಲ್ಲೆಯ ಮಟ್ಟದಲ್ಲಿ ಗೆದ್ದು ಬರುತ್ತಿದ್ದರಂತೆ. ಅವರ ಸೀಟಿಯ ಸದ್ದು ಕೇಳಿದರೆ ಆಚೆ ಓಣಿಯ ಹುಡುಗರೂ ನೆಟ್ಟಗೆ ನಿಲ್ಲುತ್ತಿದ್ದರು ಎಂದು ನನ್ನ ಗಂಡ ಹೇಳುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮಲ್ಲಿಗೆ ಬಂದರು. ಗಂಡ ಬೆಳಿಗ್ಗೆ ಬ್ಯಾಂಕಿಗೆ ಹೋದರೆ ಸಂಜೆಯೇ ಬರುವುದು. ಗುಜರಾತಿ ಬಾರದ, ಹಿಂದಿಯೂ ಅಷ್ಟಕ್ಕಷ್ಟೇ ಆದ ಮಾವ ಇಡೀ ದಿನ ಪಕ್ಕದ ಮಗ್ಗದ ಶೆಡ್ಡಿನ ಖಟಖಟ ಸದ್ದು ಕೇಳುತ್ತ ಕೂರುತ್ತಿದ್ದರು.

ಆಗ ನಮ್ಮ ತಾರಸಿಯ ಮೇಲೆ ಎರಡು ಮೊಲಗಳಿದ್ದವು. ಕೆಳಗಿನ ಮನೆಯ ಮಾಲಕಿ, ನಾನು ಮಾಸಿ ಎಂದು ಕರೆಯುತ್ತಿದ್ದ ಹೆಂಗಸು, ಅವನ್ನು ಬುಟ್ಟಿಯಲ್ಲಿಟ್ಟು ತಂದು ನನ್ನ ಕೈಗೆ ಕೊಟ್ಟಿದ್ದಳು. ಅವಳ ಮಗ ಎಲ್ಲಿಂದಲೋ ಕೊಂಡು ತಂದು ಮಗ್ಗದ ಶೆಡ್ಡಿನಲ್ಲಿ ಬಿಟ್ಟಿದ್ದನಂತೆ. ಅವು ಕರೆಂಟಿನ ವಾಯರು ಕಡಿದವು, ನೂಲಿನ ಉಂಡೆ ಹರಿದವು. "ಸಸಲಾಂ ತಮೇ ರಾಖೋ, ಬೇಟಾ" ಎಂದಳು, ಈ ಮೊಲಗಳನ್ನು ನೀವೇ ಇಟ್ಟುಕೊಳ್ಳಿ ಎಂದು. ಎರಡೂ ಹೆಣ್ಣು. ಒಂದು ಬಿಳಿಯದು, ಒಂದು ಬೂದಿ ಬಣ್ಣದ್ದು. ನೀರಿನ ಟ್ಯಾಂಕಿನ ಕೆಳಗಿನ ನೆರಳಿನಲ್ಲಿ ಹಳೆಯ ಗೋಣಿಚೀಲ ಹಾಸಿ ಇಟ್ಟಿದ್ದೆ. ಹೆಸರು ಇಡಲಿಲ್ಲ. ಬಿಳೇದು, ಬೂದೇದು, ಅಷ್ಟೇ.

ಟೀವಿಯಲ್ಲಿ ನೋಡಿದ ಮರುದಿನವೇ ಮಾವ ತಾರಸಿಗೆ ಹೋದರು. ಅವರ ಚೀಲದ ತಳದಲ್ಲಿದ್ದ ಸೀಟಿ ಕೊರಳಿಗೆ ಬಂದಿತ್ತು. ನಾನು ಬಟ್ಟೆ ಒಣಹಾಕುತ್ತಿದ್ದೆ. ಎರಡು ಇಟ್ಟಿಗೆಗಳ ಮೇಲೆ ಒಂದು ಬಿದಿರಿನ ಕೋಲು ಇಟ್ಟರು, ಬಿಳಿಯ ಮೊಲವನ್ನು ಅದರ ಮುಂದೆ ಕೂರಿಸಿದರು, ಸೀಟಿ ಊದಿದರು.

ಮೊಲ ಹಿಂಗಾಲಿನಿಂದ ನೆಲವನ್ನು ದಪ್ಪೆಂದು ಒದೆದು ಟ್ಯಾಂಕಿನ ಕೆಳಗೆ ನುಗ್ಗಿತು. ಅಲ್ಲಿದ್ದ ಬೂದಿಯದೂ ದಪ್ಪೆಂದು ಒದೆಯಿತು. ಎರಡೂ ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ. ನಾಲ್ಕು ದಿನ ಇದೇ ನಡೆಯಿತು.

"ಶಿಸ್ತ ಇಲ್ಲ ಇವಕ್ಕ" ಎಂದು ಮಾವ ಕೆಳಗಿಳಿದುಬಿಟ್ಟರು.

ನನಗೆ ಮಾತ್ರ ಆ ಟೀವಿಯ ಮೊಲ ತಲೆಯಿಂದ ಹೋಗಲಿಲ್ಲ. ಅದರ ಮುಂದೆ ಯಾರೂ ತಿಂಡಿ ಹಿಡಿದಿರಲಿಲ್ಲ, ಹಿಂದಿನಿಂದ ಯಾರೂ ಬೆದರಿಸುತ್ತಿರಲಿಲ್ಲ. ಮತ್ತೆ ಯಾಕೆ ಹಾರುತ್ತಿತ್ತು? ಸಂಜೆ ಕೊತ್ತಂಬರಿ ಸೋಸಿದ ದಂಟು ತೆಗೆದುಕೊಂಡು ಮೇಲೆ ಹೋದೆ. ಉಧ್ನಾದಲ್ಲಿ ಬಟ್ಟೆ ಸುತ್ತುವ ರಟ್ಟಿನ ಕೊಳವೆಗಳು ಎಲ್ಲಿ ನೋಡಿದರಲ್ಲಿ ಬಿದ್ದಿರುತ್ತಿದ್ದವು. ಅಂಥದ್ದೊಂದನ್ನು ನೆಲದ ಮೇಲೆ ಮಲಗಿಸಿ, ಆಚೆ ಕಡೆ ದಂಟು ಇಟ್ಟು ಸುಮ್ಮನೆ ಕುಳಿತೆ. ಬಿಳಿಯ ಮೊಲ ಬಂದಿತು, ಕೊಳವೆ ಮೂಸಿತು, ಗಲ್ಲ ಉಜ್ಜಿತು, ಸುತ್ತು ಹಾಕಿ ದಂಟು ತಿಂದಿತು. ಎರಡನೆಯ ಸಂಜೆಯೂ ಹಾಗೇ. ಇನ್ನೊಂದು ಸಂಜೆ ಸುತ್ತು ಹಾಕುವ ಬೇಸರಕ್ಕೋ ಏನೋ ಮೇಲಿಂದಲೇ ಚಂಗನೆ ದಾಟಿತು.

ನನ್ನ ಬೆನ್ನ ಹಿಂದಿನಿಂದ ಮಾವ ಮೆಲ್ಲಗೆ, "ಜಿಗೀತಲ್ಲ" ಎಂದರು. ಅವರು ಮೆಟ್ಟಿಲ ಬಾಗಿಲಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಹೂಂರಿ ಮಾವಾರ. ಆದರ ಸೀಟಿ ಊದಬ್ಯಾಡ್ರಿ."

ನಾನು ಅವರಿಗೆ ಮಾಡಬೇಡಿ ಎಂದು ಹೇಳಿದ ಮೊದಲ ಮಾತು ಅದು. ಅವರು ಸೀಟಿಯನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡರು.

ಅಲ್ಲಿಂದ ಮುಂದೆ ಚಳಿಗಾಲದ ಬೆಳಗುಗಳೆಲ್ಲ ತಾರಸಿಯ ಮೇಲೇ ಕಳೆದವು. ಗಂಡ ಬ್ಯಾಂಕಿಗೆ ಹೊರಟ ಕೂಡಲೇ ನಾವಿಬ್ಬರೂ ಹತ್ತುತ್ತಿದ್ದೆವು. ಮಾವ ಮೊದಲು ಮೊಲದ ಕೊರಳಿಗೆ ಹಗ್ಗ ಕಟ್ಟಿದರು. ಅದು ಜಿಗಿದಾಗ ಕುತ್ತಿಗೆ ಹಿಸುಕುವುದನ್ನು ಕಂಡು ನಾನು ಹಳೆಯ ಸೀರೆಯ ಅಂಚು ಕತ್ತರಿಸಿ, ಎದೆ ಹೊಟ್ಟೆ ಬಳಸುವ ಹಾಗೆ, ಹಿಡಿಯಲು ಉದ್ದನೆಯ ತುದಿ ಬಿಟ್ಟು, ಪಟ್ಟಿ ಹೊಲಿದೆ. ಜರಿ ಅಂಚಿನ ಪಟ್ಟಿ ಹಾಕಿಕೊಂಡ ಬಿಳಿಯ ಮೊಲವನ್ನು ನೋಡಿ ಮಾಸಿ, ಮದುಮಗಳ ಹಾಗೆ ಕಾಣುತ್ತದೆ ಎಂದು ನಕ್ಕಳು. ಇಟ್ಟಿಗೆಗಳ ಮೇಲೆ ಕೋಲು ಬೇಡ, ಕೊಳವೆಯೇ ಸರಿ, ಕಾಲು ತಾಗಿದರೆ ಹಗುರಾಗಿ ಬೀಳುತ್ತದೆ ಎಂದು ಮಾವ ತೀರ್ಮಾನಿಸಿದರು. ಕಾಲು ಜಾರದ ಹಾಗೆ ಉದ್ದಕ್ಕೂ ಗೋಣಿಚೀಲ ಹಾಸಿದರು. ಬೂದಿಯದು ಇದಾವುದಕ್ಕೂ ಸೇರಲಿಲ್ಲ. ಪಕ್ಕದಲ್ಲಿ ಕಾಲು ಚಾಚಿ ಮಲಗಿ ನೋಡುತ್ತಿತ್ತು.

ಒಂದು ವಿಷಯ ನಮ್ಮನ್ನು ಬಹಳ ಕಾಡಿತು. ಬಿಳಿಯ ಮೊಲ ಟ್ಯಾಂಕಿನಿಂದ ಮೆಟ್ಟಿಲ ಕಡೆಗೆ ಹೋಗುವಾಗ ಎಲ್ಲ ಅಡೆತಡೆಗಳನ್ನೂ ಸಲೀಸಾಗಿ ದಾಟುತ್ತಿತ್ತು. ವಾಪಸು ಬರುವಾಗ ಮಾತ್ರ ಕೊಳವೆಯ ಮೇಲೇ ಹೋಗಿ ಬೀಳುತ್ತಿತ್ತು. ದಣಿವೆಂದು ಮಾವ ಹೇಳಿದರು. ಹಾಗಾದರೆ ನೋಡೋಣವೆಂದು ಮೊದಲು ಮೆಟ್ಟಿಲ ಕಡೆಯಿಂದಲೇ ಬಿಟ್ಟೆವು. ಆಗಲೂ ಬಿದ್ದಿತು. ನಾನು ನೆಲದ ಮೇಲೆ ಮೊಲದ ಹಿಂದೆ ಬೋರಲು ಮಲಗಿ, ಅದರ ಕಣ್ಣಿನ ಎತ್ತರದಿಂದ ನೋಡಿದೆ. ಎದುರಿಗೆ ಬೆಳಗಿನ ಸೂರ್ಯ. ಕೊಳವೆಯ ಉದ್ದನೆಯ ನೆರಳು ನಮ್ಮ ಕಡೆಗೆ ಚಾಚಿಕೊಂಡು ಕಪ್ಪಗೆ ಬಿದ್ದಿತ್ತು.

"ಮಾವಾರ, ಇದು ನೆಳ್ಳ ದಾಟಾಕತ್ತೈತ್ರಿ! ನೆಳ್ಳ ದಾಟಿ ಕೊಳವಿ ಮ್ಯಾಲ ಇಳ್ಯಾಕತ್ತೈತಿ."

"ಹಂಗೂ ಇರತೈತೇನು?"

"ಸಂಜೀಕ ನೋಡೂಣ್ರಿ."

ಸಂಜೆ ಸೂರ್ಯ ಪಶ್ಚಿಮಕ್ಕೆ ಬಂದಾಗ ಮೊಲ ಇನ್ನೊಂದು ದಿಕ್ಕಿನಲ್ಲಿ ಕೊಳವೆ ಬೀಳಿಸಿತು. ಮಾವ ಮನೆಯಿಂದ ಛತ್ರಿ ತರಿಸಿದರು. ಬಿಸಿಲಿಗೆ ಅಡ್ಡ ಹಿಡಿದು ಕೊಳವೆಯ ನೆರಳೇ ಇಲ್ಲದಂತೆ ಮಾಡಿದರು. ಮೊಲ ಚೆನ್ನಾಗಿ ದಾಟಿತು. ಛತ್ರಿ ತೆಗೆದರು. ಬಿದ್ದಿತು. ಮತ್ತೆ ಹಿಡಿದರು. ಆ ಸಂಜೆ ನಾವು ಕೆಳಗಿಳಿಯುವ ಹೊತ್ತಿಗೆ ಗಂಡ ಬಂದು ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದರು.

ಊಟಕ್ಕೆ ಕುಳಿತಾಗ ಮಾವ ತಟ್ಟೆಯನ್ನೇ ನೋಡುತ್ತ ಹೇಳಿದರು: "ಇಷ್ಟ ವರ್ಷ ಹುಡುಗೂರಿಗೆ ಕಲಿಸೇನಿ. ಯಾರ ಕಣ್ಣಾಗ ಬಿಸಲ ಬೀಳತೈತಿ ಅಂತ ಒಂದ ಸಲಾನೂ ಬಗ್ಗಿ ನೋಡಲಿಲ್ಲ."

ಮರುದಿನ ಕೊಳವೆಗಳಿಗೆ ಸುಣ್ಣ ಹಚ್ಚಿದೆವು. ಬೆಳ್ಳಗೆ ಕಾಣತೊಡಗಿದ ಮೇಲೆ ನೆರಳಿನ ಗೊಂದಲ ಬಹುಮಟ್ಟಿಗೆ ನಿಂತಿತು. ಉತ್ತರಾಯಣದ ಗಾಳಿಪಟದ ದಿನಗಳಲ್ಲಿ ಮಾತ್ರ ಮೊಲಗಳನ್ನು ಒಳಗಿಟ್ಟೆವು, ಗಾಜಿನ ಪುಡಿಯ ದಾರ ತಾರಸಿಯ ತುಂಬ ಬೀಳುತ್ತಿತ್ತು. ಅದು ಮುಗಿಯುವ ಹೊತ್ತಿಗೆ ಬಿಳಿಯ ಮೊಲ ನನ್ನ ಮೊಣಕಾಲಿನೆತ್ತರದ ಕೊಳವೆಯನ್ನೂ ದಾಟುತ್ತಿತ್ತು.

ನನ್ನ ಗಂಡನ ಅಕ್ಕ ವಡೋದರದ ಹತ್ತಿರ ಕೊಯಾಲಿಯಲ್ಲಿದ್ದರು. ಅವರ ಯಜಮಾನರಿಗೆ ಅಲ್ಲಿ ಕೆಲಸ, ಟೌನ್‌ಶಿಪ್ಪಿನಲ್ಲಿ ಮನೆ. ಫೋನಿನಲ್ಲಿ ಈ ಕಥೆ ಕೇಳಿ ಅಕ್ಕ ನಂಬಲಿಲ್ಲ. "ನಮ್ಮಪ್ಪ? ಮೊಲಕ್ಕ?" ಎಂದು ಎರಡೆರಡು ಸಲ ಕೇಳಿದರು. ಆಮೇಲೆ, ತಮ್ಮ ಕಾಲೊನಿಯಲ್ಲಿ ಸಾಕುಪ್ರಾಣಿಗಳ ಪ್ರದರ್ಶನ ಇದೆ, ಕರೆದುಕೊಂಡು ಬನ್ನಿ ಎಂದರು.

ಮೊಲಗಳೆರಡನ್ನೂ ಬೆತ್ತದ ಬುಟ್ಟಿಯಲ್ಲಿಟ್ಟುಕೊಂಡು ಮಾವ, ನಾನು ಇಬ್ಬರೂ ಉಧ್ನಾದಲ್ಲಿ ರೈಲು ಹತ್ತಿದೆವು. ಒಂದನ್ನು ಬಿಟ್ಟು ಬಂದರೆ ಇನ್ನೊಂದು ಮೇವು ಮುಟ್ಟುತ್ತಿರಲಿಲ್ಲ. ಬುಟ್ಟಿಯ ಸಂದಿಯಿಂದ ಕಿವಿ ಹೊರಬಂದಾಗಲೆಲ್ಲ ಯಾರಾದರೊಬ್ಬರು ಇದೇನೆಂದು ವಿಚಾರಿಸುತ್ತಿದ್ದರು. ಮಾವ ತಮ್ಮ ಹಿಂದಿಯಲ್ಲಿ, "ಯೇ ಖಿಲಾಡಿ ಹೈ", ಇದು ಆಟಗಾರ ಎಂದು ಉತ್ತರಿಸುತ್ತಿದ್ದರು. ವಡೋದರ ಬರುವಷ್ಟರಲ್ಲಿ ಡಬ್ಬಿಯ ಅರ್ಧ ಜನಕ್ಕೆ ಛತ್ರಿಯ ಕಥೆ ಗೊತ್ತಾಗಿತ್ತು.

ಪ್ರದರ್ಶನದಲ್ಲಿ ಹೆಚ್ಚಿನವು ನಾಯಿಗಳು, ಕೆಲವು ಗಿಳಿಗಳು. ಮೊಲಗಳು ಬೆದರಬಾರದೆಂದು ನಮಗೆ ಆಚೆಯ ಹುಲ್ಲುಹಾಸನ್ನು ಕೊಟ್ಟಿದ್ದರು. ಮೈಕಿನಲ್ಲಿ ಹೇಳಿದ ಕೂಡಲೇ ಜನ ಅಲ್ಲಿ ಕೂಡಿದರು. ಮಾವ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿದ್ದರು. ಸುಣ್ಣದ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ, ಸೂರ್ಯ ಎಲ್ಲಿದ್ದಾನೆಂದು ನೋಡಿ, ಪಟ್ಟಿ ಹಿಡಿದು ಬಿಳಿಯ ಮೊಲವನ್ನು ಕೆಳಗಿಳಿಸಿದರು.

ಮೊಲ ನಿಂತಿತು. ಮೂಗು ಆಡಿಸಿತು. ತಲೆ ತಗ್ಗಿಸಿ ಹುಲ್ಲು ತಿನ್ನತೊಡಗಿತು.

ನಾನು ಕೊತ್ತಂಬರಿ ಹಿಡಿದೆ. ಅದು ನೋಡಲೇ ಇಲ್ಲ. ತಿನ್ನುತ್ತ ಒಂದು ಹೆಜ್ಜೆ ಮುಂದೆ ಹೋಯಿತು, ಮತ್ತೆ ತಿಂದಿತು. ಮೊದಲನೆಯ ಕೊಳವೆಯ ಬುಡದಲ್ಲಿ ಹುಲ್ಲು ಸೊಂಪಾಗಿತ್ತು, ಅಲ್ಲೇ ಕುಳಿತುಬಿಟ್ಟಿತು. ಯಾರೋ ನಕ್ಕರು, ಆಮೇಲೆ ಎಲ್ಲರೂ. ಸಂಘಟಕರು ಬಂದು, "ಮಾಸ್ಟರ್‌ಜೀ, ಕಬ್ ಕೂದೇಗಾ?", ಯಾವಾಗ ಹಾರುತ್ತದೆ ಎಂದು ಕೇಳಿದರು. ಮಾವನ ಕೈ ಜೇಬಿಗೆ ಹೋಯಿತು. ಆ ಜೇಬಿನಲ್ಲೇ ಸೀಟಿ ಇರುವುದು ನನಗೆ ಗೊತ್ತಿತ್ತು. ಪಕ್ಕದಲ್ಲಿದ್ದ ಅಕ್ಕನೂ ಆ ಕೈಯನ್ನೇ ನೋಡುತ್ತಿದ್ದರು.

ಕೈ ಕರವಸ್ತ್ರ ಹಿಡಿದು ಹೊರಬಂದಿತು. ಮಾವ ಮುಖ ಒರೆಸಿಕೊಂಡು, ಆ ಬಿಳಿ ಪ್ಯಾಂಟಿನಲ್ಲೇ ಹುಲ್ಲಿನ ಮೇಲೆ ಕುಳಿತರು.

"ಹುಟ್ಟಿದಾಗಿಂದ ಹುಲ್ಲ ಕಂಡಿಲ್ಲರೀ ಇದು" ಎಂದು ಕನ್ನಡದಲ್ಲೇ ಸಂಘಟಕರಿಗೆ ಹೇಳಿದರು. "ತಿನ್ಲಿ ತಡೀರಿ."

ಸ್ವಲ್ಪ ಹೊತ್ತು ಕಾದ ಜನ ನಾಯಿಗಳ ಕಡೆಗೆ ಹೊರಟುಹೋದರು. ಮಾವ, ನಾನು, ಅಕ್ಕ ಮೂವರೇ ಉಳಿದೆವು. ಮೊಲ ಇನ್ನೂ ಮೇಯುತ್ತಲೇ ಇತ್ತು.

ಅಕ್ಕ ಇದ್ದಕ್ಕಿದ್ದಂತೆ, "ಅಪ್ಪಾ, ನನಗ ಹಿಂಗ ಕಾದಿದ್ರ ನಾನೂ ಓಡತಿದ್ನೇನೋ" ಎಂದರು. ನಗುತ್ತಲೇ ಹೇಳಿದರು.

"ನೀ ಸಾಲ್ಯಾಗ ಕಾಲಿಗೆ ಪೆಟ್ಟ ಆಗಿ ಹರ್ಡಲ್ಸ್ ಬಿಟ್ಟಿದ್ದಿ."

"ಕಾಲ ನೆಟ್ಟಗ ಆಗಿತ್ತು. ನಿಮ್ಮ ಸೀಟಿ ಕೇಳಿದ್ರ ಎಲ್ಲೆರ ಅಡಗಿ ಕೂಡಬೇಕ ಅನಸತಿತ್ತು. ಅದಕ್ಕ ಬಿಟ್ಟೆ."

ಮಾವ ಹುಲ್ಲಿನ ಎಸಳೊಂದನ್ನು ಕಿತ್ತು ಬೆರಳಿಗೆ ಸುತ್ತಿಕೊಂಡರು. "ಆವಾಗ ಹೇಳಬೇಕಿಲ್ಲೇನು?"

"ಯಾರಿಗೆ ಹೇಳಲಿ? ಮಾಸ್ತರೂ ನೀವ, ಅಪ್ಪನೂ ನೀವ."

ನಾನು ಎದ್ದು ಕೊಳವೆಗಳನ್ನು ಜೋಡಿಸಿಕೊಳ್ಳತೊಡಗಿದೆ. ತಂದೆ ಮಗಳ ನಡುವೆ ನನಗೇನು ಕೆಲಸ ಎನಿಸಿತು.

ಮರುದಿನ ಬೆಳಿಗ್ಗೆ ಅಕ್ಕನ ಮನೆಯ ಹಿತ್ತಲಿನ ಹುಲ್ಲಿನಲ್ಲಿ ಮೊಲಗಳನ್ನು ಬಿಟ್ಟೆವು. ಮಾವ ಕೊಳವೆಗಳನ್ನು ನಿಲ್ಲಿಸಿ ಪಟ್ಟಿಯನ್ನು ಮಗಳ ಕಡೆಗೆ ಚಾಚಿದರು. "ಹಿಡಿ. ಎಳೀಬ್ಯಾಡ. ಅದು ಹ್ವಾದಂಗ ನೀ ಹೋಗು." ಆಮೇಲೆ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಬಾಯಿ ಮುಚ್ಚಿಕೊಂಡರು. ಅವರ ಮಟ್ಟಿಗೆ ಅದು ಕಷ್ಟದ ಕೆಲಸ; ತುಟಿಗಳು ಆಗಾಗ ತೆರೆದು ಮುಚ್ಚುತ್ತಿದ್ದವು. ಬಿಳಿಯ ಮೊಲ ಹೊಟ್ಟೆ ತುಂಬ ಮೇಯ್ದು, ಮುಖ ತಿಕ್ಕಿಕೊಂಡು, ಆಮೇಲೆ ಯಾರೂ ಹೇಳದೆಯೇ ಸಾಲಿನ ಉದ್ದಕ್ಕೂ ಹಾರುತ್ತ ಹೊರಟಿತು. ಅಕ್ಕ ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು ಅದರ ಹಿಂದೆ ಓಡಿದರು. ಕೊನೆಯದನ್ನು ದಾಟಿದ ಮೇಲೆ ಮೊಲ ಏನೂ ಇಲ್ಲದ ಕಡೆ ಮತ್ತೊಮ್ಮೆ ಮೇಲಕ್ಕೆ ಚಿಮ್ಮಿ ಗಾಳಿಯಲ್ಲೇ ಮೈ ತಿರುಚಿ ಇಳಿಯಿತು. ತಾರಸಿಯ ಮೇಲೆ ಅದು ಹಾಗೆ ಎಂದೂ ಮಾಡಿರಲಿಲ್ಲ. ಅದನ್ನು ನೋಡಿ, ತನ್ನ ಪಾಡಿಗೆ ಮಲಗಿದ್ದ ಬೂದಿಯದೂ ಎದ್ದು ಅದೇ ರೀತಿ ಚಿಮ್ಮಿತು.

"ಇದ್ಯಾಕ ಹಿಂಗ ಮಾಡತೈತಿ?" ಎಂದರು ಅಕ್ಕ ಏದುಸಿರು ಬಿಡುತ್ತ.

"ಗೊತ್ತಿಲ್ಲವಾ" ಎಂದರು ಮಾವ. "ನೋಡಬೇಕು."

ಮೊಲಗಳನ್ನು ನಾವು ಸೂರತ್ತಿಗೆ ವಾಪಸು ತರಲಿಲ್ಲ. ಹುಲ್ಲು ಕಂಡ ಮೇಲೆ ಅವನ್ನು ಮತ್ತೆ ಕಾದ ಸಿಮೆಂಟಿನ ಮೇಲೆ ಬಿಡಲು ನನಗೂ ಮನಸ್ಸಾಗಲಿಲ್ಲ. ಮಾವನೂ ಆ ಬೇಸಿಗೆ ಮುಗಿಯುವವರೆಗೆ ಕೊಯಾಲಿಯಲ್ಲೇ ಉಳಿದರು. ಅಷ್ಟರಲ್ಲಿ ಗಂಡನಿಗೆ ಅಹಮದಾಬಾದಿಗೆ ವರ್ಗವಾಯಿತು. ನವರಂಗಪುರದ ಫ್ಲ್ಯಾಟಿನಲ್ಲಿ ಮೊಲ ಸಾಕುವ ಜಾಗವೂ ಇರಲಿಲ್ಲ. ಮಾವ ನಮ್ಮಲ್ಲಿಗೆ ಬಂದಾಗಲೆಲ್ಲ ರಾತ್ರಿ ಊಟವಾದ ಮೇಲೆ ಮಗಳಿಗೆ ಫೋನು ಮಾಡುತ್ತಿದ್ದರು. ಮೊಲಗಳ ಸುದ್ದಿ ಬೇಗ ಮುಗಿಯುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ. ನಾನು ಪಾತ್ರೆ ಎತ್ತಿಡುತ್ತ ಅವರ ನಗು ಕೇಳಿಸಿಕೊಳ್ಳುತ್ತಿದ್ದೆ. ಫೋನಿಟ್ಟು ಅಡುಗೆಮನೆಗೆ ಬಂದು ನೀರು ಕುಡಿಯುತ್ತ, ಅಲ್ಲಿ ಕೇಳಿದ್ದನ್ನೆಲ್ಲ ನನಗೆ ಮೊದಲಿನಿಂದ ಹೇಳುತ್ತಿದ್ದರು.