ಶೀಲಾವತಿಯ ಸಕ್ಕಿಂಗ್ ಲಾರಿ

ಪಂಜದ ಒಂದು ಮನೆಯ ಶೌಚಗುಂಡಿಯೊಳಗೆ ಉಸಿರು ಕಟ್ಟಿ ಗಂಡ ಬೆಳ್ಯಪ್ಪ ತೀರಿಕೊಂಡ ಮೇಲೆ, ಶೀಲಾವತಿ ಆ ಕಸುಬಿನ ಕಡೆ ತಲೆಹಾಕಿಯೂ ಮಲಗಲಿಕ್ಕಿಲ್ಲ ಎಂದೇ ಅಜ್ಜಾವರದವರು ತಿಳಿದಿದ್ದರು. ಗುಂಡಿಯ ಗಲೀಜನ್ನು ಪೈಪಿನಿಂದ ಎಳೆದು ಒಯ್ಯುವ ಬೆಳ್ಯಪ್ಪನ ಹಳೇ ಸಕ್ಕಿಂಗ್ ಲಾರಿಯ ಪಂಪಿಗೆ ತಳದ ಗಟ್ಟಿ ಕೆಸರು ಎಳೆಯುವ ತಾಕತ್ತಿರಲಿಲ್ಲ. ಅದನ್ನು ಕಲಕಿ ಕೊಡಲೆಂದು ಅವನೇ ಏಣಿಯಿಟ್ಟು ಇಳಿದಿದ್ದ. ಡ್ರೈವರ್ ಪ್ರಸನ್ನ ಹಗ್ಗ ಇಳಿಬಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೈದುನ ಹರಿಪ್ರಸಾದ್ ಲಾರಿಯನ್ನು ಗುಜರಿಗೆ ಹಾಕಿಸಿದ. ಈ ನಾತದ ಸಹವಾಸ ಇನ್ನು ಸಾಕು ಎಂದ. ಶೀಲಾವತಿ ಎದುರಾಡಲಿಲ್ಲ. ಆದರೆ ತಾನು ಬಿಟ್ಟ ಮಾತ್ರಕ್ಕೆ ಊರಿನ ಗುಂಡಿಗಳು ತುಂಬುವುದು ನಿಲ್ಲುತ್ತದೆಯೇ, ಯಾರನ್ನೋ ಇಳಿಸುತ್ತಾರೆ ಎಂಬ ಯೋಚನೆ ಅವಳನ್ನು ಬಿಡಲಿಲ್ಲ.

ಕೊನೆಗೆ ಉಪ್ಪಿನಂಗಡಿಯ ಆದಂ ಕುಂಞಿಯವರನ್ನು ಜೊತೆಗೆ ಕರೆದುಕೊಂಡು ಪುತ್ತೂರಿನಲ್ಲಿ ಹಳೇ ಲಾರಿ ಮಾರುವ ಒಂದು ಯಾರ್ಡಿಗೆ ಹೋದಳು. ಶಾರ್ಜಾದಲ್ಲಿ ವರ್ಷಗಟ್ಟಲೆ ಇಂಥದೇ ಟ್ಯಾಂಕರ್ ಓಡಿಸಿದವರು ಅವರು, ಬೆಳ್ಯಪ್ಪನ ಗೆಳೆಯ. ಅಲ್ಲಿ ಎರಡು ಸಕ್ಕಿಂಗ್ ಲಾರಿ ಇದ್ದವು. ದೊಡ್ಡದರ ಟ್ಯಾಂಕಿಯಲ್ಲಿ ಎರಡು ಮನೆಯ ಗಲೀಜು ಹಿಡಿಯುತ್ತಿತ್ತು. ಸಣ್ಣದರಲ್ಲಿ ಒಂದೇ ಮನೆಯದು. ಶೀಲಾವತಿ ಗಾಡಿ ತೊಳೆಯುವ ಹೊಂಡದ ಕೆಸರಿಗೆ ಎರಡರ ಪೈಪನ್ನೂ ಇಳಿಸಿ ನೋಡಬೇಕೆಂದಳು. ದೊಡ್ಡದು ಸ್ವಲ್ಪ ಹೊತ್ತು ಕೆಮ್ಮಿ ನಿಂತಿತು. ಸಣ್ಣದು ಹೊಂಡದ ತಳದ ಸಿಮೆಂಟು ಕಾಣುವವರೆಗೆ ಎಳೆಯಿತು.

"ಪಂಪ್ ಒಳ್ಳೇದುಂಟು ಶೀಲಕ್ಕ," ಎಂದರು ಆದಂ ಕುಂಞಿ. "ಆದರೆ ಒಂದು ಮನೆ ಮುಗಿದ ಕೂಡ್ಲೆ ಅಷ್ಟು ದೂರದ ಶುದ್ಧೀಕರಣ ಘಟಕಕ್ಕೆ ಹೋಗಿ ಖಾಲಿ ಮಾಡಿ ಬರ್ಬೇಕು. ಕರೆದವರಲ್ಲಿಗೆಲ್ಲ ಆ ದಿನವೇ ಹೋಗ್ಲಿಕ್ಕೆ ಆಗ್ಲಿಕ್ಕಿಲ್ಲ."

"ಕಾಯ್ತಾರೆ. ಜನ ಇಳಿಯದಿದ್ರೆ ಸಾಕು."

ಸಣ್ಣ ಲಾರಿ ಬಂತು. ಪ್ರಸನ್ನ ಮತ್ತೆ ಸ್ಟಿಯರಿಂಗ್ ಹಿಡಿದ. ಕಡಿದಾದ ದಾರಿಯ ಮನೆಗಳಿಗೆ ಕೆಳಗಿನ ರಸ್ತೆಯಿಂದಲೇ ಪೈಪ್ ಮುಟ್ಟುತ್ತಿತ್ತು. ಕೆಲಸಕ್ಕೇನೂ ಬರವಿರಲಿಲ್ಲ. ನೆಂಟರ ಮನೆಯಲ್ಲಿ ಮಾತ್ರ ಶೀಲಾವತಿಗೆ ಬೇರೆ ಲೋಟದಲ್ಲಿ ಚಾ ಬರತೊಡಗಿತು. ಅವಳು ಕುಡಿದು, ತಾನೇ ತೊಳೆದಿಟ್ಟು ಬರುತ್ತಿದ್ದಳು.

ಮಳೆ ಹಿಡಿಯುವ ಹೊತ್ತಿಗೆ ಕಡಬದ ಒಂದು ಮನೆಯಿಂದ ಫೋನ್ ಬಂತು. ಗುಂಡಿ ಉಕ್ಕುತ್ತಿದೆ, ಮನೆಯಲ್ಲಿ ಸೀಮಂತ ಉಂಟು, ಈಗಲೇ ಬನ್ನಿ ಎಂದು. ಲಾರಿ ಆಗ ತುಂಬಿದ ಟ್ಯಾಂಕಿಯೊಂದಿಗೆ ಘಟಕದ ದಾರಿಯಲ್ಲಿತ್ತು. ನಾಳೆ ಬೆಳಿಗ್ಗೆ ಖಂಡಿತ ಬರುತ್ತೇವೆ, ಅಲ್ಲಿಯವರೆಗೆ ಯಾರನ್ನೂ ಇಳಿಸಬೇಡಿ ಎಂದು ಶೀಲಾವತಿ ಎರಡೆರಡು ಸಲ ಹೇಳಿದಳು.

ಮರುದಿನ ಅವರು ತಲುಪುವಾಗ ಅಂಗಳದಲ್ಲಿ ಪೊಲೀಸರಿದ್ದರು. ಮನೆಯವರು ಕಾಯದೆ, ನಸುಕಿಗೇ ಕೂಲಿಯವನೊಬ್ಬನನ್ನು ಬಕೆಟ್ ಕೊಟ್ಟು ಇಳಿಸಿದ್ದರು. ಹೆಣವನ್ನು ಆಗಷ್ಟೇ ಆಂಬುಲೆನ್ಸಿನಲ್ಲಿ ಒಯ್ದಿದ್ದರು. ಅವನ ಹೆಂಡತಿ ಕೌಸಲ್ಯಾ, ಮೇಲೆ ನಿಂತು ಬಕೆಟ್ ಎಳೆಯುತ್ತಿದ್ದವಳು, ಅಣ್ಣ ಬರುವುದನ್ನು ಕಾಯುತ್ತ ಮೆಟ್ಟಿಲ ಮೇಲೆ ಕೂತಿದ್ದಳು. ಹಗ್ಗ ಇನ್ನೂ ಕೈಯಲ್ಲೇ ಇತ್ತು.

ಶೀಲಾವತಿ ಹೋಗಿ ಅವಳ ಪಕ್ಕ ಕೂತಳು.

"ಆ ಗಾಡಿ ನಿಮ್ಮದಾ?" ಕೌಸಲ್ಯಾ ಕೇಳಿದಳು.

"ಹೌದು."

"ನಿನ್ನೆ ಎಲ್ಲಿತ್ತು?"

ಹೇಳಲು ಉತ್ತರವಿತ್ತು. ಅದು ಸುಳ್ಳೂ ಆಗಿರಲಿಲ್ಲ. ಶೀಲಾವತಿ ಅವಳ ಕೈಯ ಹಗ್ಗವನ್ನೇ ನೋಡುತ್ತ ಕೂತಳು.

ಪೊಲೀಸರು ಹೊರಟ ಮೇಲೆ ಮನೆಯ ಯಜಮಾನ ಒಳಗಿನಿಂದಲೇ ಯಾರ ಮೂಲಕವೋ ಕೇಳಿಸಿದ, ಗುಂಡಿ ಖಾಲಿ ಮಾಡಿ ಕೊಡುತ್ತೀರಾ ಎಂದು. ಇವರ ಅಂಗಳದಲ್ಲಿ ನಿಲ್ಲುವುದೂ ಬೇಡ, ಹೋಗುವ ಎಂದ ಪ್ರಸನ್ನ. ಶೀಲಾವತಿ ಬಾಯ್ದೆರೆದ ಗುಂಡಿಯನ್ನೂ ಪಕ್ಕದಲ್ಲಿ ಬಿದ್ದಿದ್ದ ಬಕೆಟನ್ನೂ ನೋಡಿದಳು.

"ಪೈಪ್ ಬಿಡು ಪ್ರಸನ್ನ. ನಾವು ಹೋದ್ರೆ ನಾಳೆ ಇನ್ನೊಬ್ಬನನ್ನು ಇಳಿಸ್ತಾರೆ."

ಪಂಪ್ ಶುರುವಾಯಿತು. ಆ ಸದ್ದಿಗೆ ಕೌಸಲ್ಯಾ ಎದ್ದಳು. ಹಗ್ಗವನ್ನು ಅಲ್ಲೇ ಬಿಟ್ಟು, ಯಾರ ಮುಖವನ್ನೂ ನೋಡದೆ, ಮಳೆಯಲ್ಲಿ ರಸ್ತೆಯ ಕಡೆ ಇಳಿದು ಹೋದಳು.